ಹಡಗಿನ ರೇಡಿಯೋ ಮತ್ತು ಕಾನೂನು: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಕುಳಿತು ಹಡಗಿನ ಬಗ್ಗೆ ಬರೆಯುತ್ತೇನೆಂದರೆ ನೆರೆಯವರು ನಗುತ್ತಾರೆ. ಇಲ್ಲಿಂದ ಸಮುದ್ರ ಕಾಣಬೇಕಾದರೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಆದರೂ ಹಡಗಿನ ರೇಡಿಯೋ ಕೋಣೆ ಬಿಟ್ಟು ಊರಿಗೆ ಮರಳಿದಾಗಿನಿಂದ ಪ್ರಶ್ನೆಗಳು ತಪ್ಪಿಲ್ಲ. ಮದುವೆಯ ಪಂಕ್ತಿಯಲ್ಲಿ, ಲೈನ್ ಬಜಾರಿನ ಪೇಡೆ ಅಂಗಡಿಯ ಎದುರು, ಗದಗಿನ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಸಹ ಕೇಳುತ್ತಾರೆ. ಒಂದೇ ಉತ್ತರವನ್ನು ನೂರು ಸಲ ಹೇಳಿ ಬೇಸತ್ತು ಇಲ್ಲಿ ಬರೆದಿಟ್ಟಿದ್ದೇನೆ.

ಮಗನನ್ನು ರೇಡಿಯೋ ಆಫೀಸರ್ ಕೋರ್ಸಿಗೆ ಸೇರಿಸಬೇಕು. ಎಲ್ಲಿ ಸೇರಿಸಲಿ?

ಎಲ್ಲಿಯೂ ಬೇಡ. ಆ ಹುದ್ದೆಯೇ ಹೋಗಿದೆ. ಮೋರ್ಸ್ ಸಂಕೇತ ಬಲ್ಲ, ರೇಡಿಯೋ ಬಿಟ್ಟು ಬೇರೆ ಕೆಲಸವಿಲ್ಲದ ಅಧಿಕಾರಿಯನ್ನು ಹಡಗಿನಲ್ಲಿ ಇಟ್ಟುಕೊಳ್ಳಲೇಬೇಕೆಂಬ ನಿಯಮ 1999ರ ಫೆಬ್ರುವರಿ 1ರಂದು ಪೂರ್ತಿ ಮುಗಿಯಿತು. ಅದರ ಜಾಗಕ್ಕೆ ಜಿಎಂಡಿಎಸ್‌ಎಸ್ ಎಂಬ ಜಾಗತಿಕ ಆಪತ್ತು ಮತ್ತು ಸುರಕ್ಷತಾ ಸಂಪರ್ಕ ವ್ಯವಸ್ಥೆ ಬಂದಿದೆ. 1992ರಿಂದ ಏಳು ವರ್ಷ ಹಳೆಯದೂ ಹೊಸದೂ ಜೊತೆಯಾಗಿ ನಡೆದವು. ಆ ಏಳು ವರ್ಷದಲ್ಲಿ ನನ್ನಂಥವರು ಒಬ್ಬೊಬ್ಬರಾಗಿ ಗಂಟು ಕಟ್ಟಿದೆವು.

ಇದನ್ನು ಮೊದಲ ಪ್ರಶ್ನೆಯಾಗಿ ಇಟ್ಟಿರುವುದಕ್ಕೆ ಕಾರಣವಿದೆ. ಹಾವೇರಿ ಕಡೆಯ ಒಬ್ಬ ರೈತರು ಮೆಣಸಿನಕಾಯಿ ಮಾರಿದ ಹಣವನ್ನು ಮಧ್ಯವರ್ತಿಯೊಬ್ಬನ ಕೈಗಿತ್ತು ಮಗನಿಗೆ ‘ಶಿಪ್ ರೇಡಿಯೋ ಆಫೀಸರ್’ ಎಂಬ ಬಣ್ಣದ ಪ್ರಮಾಣಪತ್ರ ತಂದುಕೊಂಡಿದ್ದರು. ನನ್ನ ಮುಂದೆ ಹಿಡಿದು, “ಸರ್, ಇದಕ್ಕೆ ಯಾವ ಕಂಪನಿ ಕೆಲಸ ಕೊಡುತ್ತದೆ?” ಎಂದು ಕೇಳಿದರು. ಯಾವುದೂ ಕೊಡುವುದಿಲ್ಲ ಎಂದು ಹೇಳುವ ಹೊತ್ತಿಗೆ ನನ್ನ ಬಾಯಿ ಒಣಗಿತ್ತು.

ಹಾಗಾದರೆ ಈಗ ಹಡಗಿನ ರೇಡಿಯೋ ನೋಡಿಕೊಳ್ಳುವವರು ಯಾರು?

ಹಡಗು ನಡೆಸುವ ಡೆಕ್ ಅಧಿಕಾರಿಗಳೇ. ಸೇತುವೆಯ ಮೇಲೆ, ಅಂದರೆ ಚುಕ್ಕಾಣಿ ಹಿಡಿಯುವ ಕೋಣೆಯಲ್ಲಿ, ಪಾಳಿ ಮಾಡುವ ಅಧಿಕಾರಿಯ ಬಳಿ ಜಿಒಸಿ ಎಂಬ ಸಾಮಾನ್ಯ ನಿರ್ವಾಹಕ ಪ್ರಮಾಣಪತ್ರ ಇರಬೇಕು. ಇದಕ್ಕಿಂತ ಚಿಕ್ಕದಾದ ಆರ್‌ಒಸಿ ಎಂಬುದೂ ಇದೆ, ಆದರೆ ಅದು ದಡದ ಹತ್ತಿರದ ವಲಯಕ್ಕೆ ಮಾತ್ರ ಸಲ್ಲುತ್ತದೆ. ಉಪಕರಣಗಳನ್ನು ಸಮುದ್ರದಲ್ಲಿಯೇ ಬಿಚ್ಚಿ ದುರಸ್ತಿ ಮಾಡಬಲ್ಲವರಿಗೆ ರೇಡಿಯೋ ಎಲೆಕ್ಟ್ರಾನಿಕ್ ಪ್ರಮಾಣಪತ್ರದ ಎರಡು ದರ್ಜೆಗಳಿವೆ. ಇವೆಲ್ಲಕ್ಕೂ ಕನಿಷ್ಠ ವಯಸ್ಸು 18.

ಸೋಲಾಸ್ ಎಂದು ಕರೆಯುವ, ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ನಾಲ್ಕನೆಯ ಅಧ್ಯಾಯ ಪೂರ್ತಿ ರೇಡಿಯೋಗೆ ಮೀಸಲು. ಅದರ 16ನೆಯ ನಿಯಮ ಪ್ರಮಾಣಪತ್ರ ಕೇಳಿ ಅಲ್ಲಿಗೆ ಬಿಡುವುದಿಲ್ಲ. ಆಪತ್ತು ಬಂದಾಗ ರೇಡಿಯೋದ ಮುಖ್ಯ ಹೊಣೆ ಯಾರದು ಎಂದು ಮೊದಲೇ ಒಬ್ಬರನ್ನು ಗೊತ್ತುಪಡಿಸಿರಬೇಕು ಎನ್ನುತ್ತದೆ. ಪ್ರಯಾಣಿಕರ ಹಡಗಾದರೆ ಆ ಹೊತ್ತಿನಲ್ಲಿ ಒಬ್ಬರಿಗಾದರೂ ರೇಡಿಯೋ ಬಿಟ್ಟು ಬೇರೆ ಕೆಲಸ ಹಚ್ಚುವಂತಿಲ್ಲ. ಹುದ್ದೆ ಹೋದರೂ ಹೊಣೆಗೆ ಒಂದು ಹೆಸರು ಇರಲೇಬೇಕು ಎಂಬುದು ಇದರ ತಾತ್ಪರ್ಯ.

ಜಿಒಸಿ ಎಂಬುದು ಕೆಲಸವಲ್ಲ, ಡೆಕ್ ಅಧಿಕಾರಿಯ ಜೇಬಿನಲ್ಲಿರುವ ಎರಡನೆಯ ಪರವಾನಗಿ. ಅದೊಂದನ್ನೇ ಹಿಡಿದು ಹೋದರೆ ಯಾರೂ ಹಡಗು ಹತ್ತಿಸಿಕೊಳ್ಳುವುದಿಲ್ಲ.

ಭಾರತದಲ್ಲಿ ಜಿಒಸಿ ಕೊಡುವವರು ಯಾರು?

ಇಲ್ಲಿ ಎರಡು ಕಚೇರಿಗಳಿವೆ, ಜನ ಎಡವುವುದೂ ಇಲ್ಲಿಯೇ. ತರಬೇತಿ ಸಂಸ್ಥೆಗೆ ಮಾನ್ಯತೆ ಕೊಡುವುದು ನೌಕಾಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿ ಶಿಪ್ಪಿಂಗ್. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ಹಡಗಿನ ರೇಡಿಯೋ ಕೇಂದ್ರಕ್ಕೆ ಪರವಾನಗಿ ಕೊಡುವುದೂ ಇದೇ ವಿಭಾಗ. ಖಾಸಗಿ ತರಬೇತಿ ಕೇಂದ್ರ ಕೊಡುವ ಕಾಗದ ಕೋರ್ಸ್ ಮುಗಿಸಿದ್ದಕ್ಕೆ ಸಾಕ್ಷಿ, ಅಷ್ಟೇ.

ಕಾನೂನಿನ ಮಟ್ಟದಲ್ಲಿ ಇದುವರೆಗೆ ನಮ್ಮ ಆಧಾರ 1958ರ ವಾಣಿಜ್ಯ ನೌಕಾಯಾನ ಕಾಯ್ದೆ. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ನಿಸ್ತಂತು ಪರವಾನಗಿಗೆ ಆಧಾರವಾಗಿದ್ದ 1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಹಂತಹಂತವಾಗಿ ಬರುತ್ತಿದೆ. ಆದ್ದರಿಂದ ಹಳೆಯ ಪುಸ್ತಕದ ಕಲಮು ಸಂಖ್ಯೆಯನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗಬೇಡಿ.

ಒಂದು ರೇಡಿಯೋಗೆ ಇಷ್ಟೆಲ್ಲ ಕಾನೂನು ಯಾಕೆ?

1912ರ ಏಪ್ರಿಲ್ 14ರ ರಾತ್ರಿಯ ಕಥೆ ಎಲ್ಲರಿಗೂ ಗೊತ್ತು, ಆದರೆ ಅದರ ರೇಡಿಯೋ ಭಾಗ ಗೊತ್ತಿರುವವರು ಕಡಿಮೆ. ಟೈಟಾನಿಕ್ ಹಿಮಗಡ್ಡೆಗೆ ಬಡಿದದ್ದು ರಾತ್ರಿ 11:40ಕ್ಕೆ. ಅಷ್ಟು ದೂರವಲ್ಲದ ಜಾಗದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಹಡಗು ಹಿಮದ ನಡುವೆ ನಿಂತಿತ್ತು. ಅದರಲ್ಲಿ ಇದ್ದದ್ದು ಒಬ್ಬನೇ ನಿರ್ವಾಹಕ, ಸಿರಿಲ್ ಇವಾನ್ಸ್. ಆ ರಾತ್ರಿ ಅವನು ಹಿಮದ ಸುದ್ದಿ ಹೇಳಲು ಹೋದಾಗ, ಪ್ರಯಾಣಿಕರ ತಂತಿಗಳನ್ನು ಕಳಿಸುವ ಗಡಿಬಿಡಿಯಲ್ಲಿದ್ದ ಟೈಟಾನಿಕ್‌ನ ಜ್ಯಾಕ್ ಫಿಲಿಪ್ಸ್ ಸುಮ್ಮನಿರು ಎಂದು ಗದರಿಸಿದ. ಇವಾನ್ಸ್ ದಿನವಿಡೀ ದುಡಿದಿದ್ದ. ಉಪಕರಣ ಆರಿಸಿ ಮಲಗಿದ. ಡಿಕ್ಕಿಗೆ ಆಗ ಉಳಿದಿದ್ದದ್ದು ಕೆಲವೇ ನಿಮಿಷ.

ಇನ್ನೊಂದು ಕಡೆ ಕಾರ್ಪೇಥಿಯಾ ಹಡಗಿನ ಹೆರಾಲ್ಡ್ ಕಾಟಮ್ ಕೂಡ ಮಲಗಲು ಬಟ್ಟೆ ಬದಲಿಸುತ್ತಿದ್ದ. ಕಿವಿಗೆ ಹೆಡ್‌ಫೋನ್ ಇನ್ನೂ ಇತ್ತು, ಅದರಿಂದ ಟೈಟಾನಿಕ್‌ನ ಕರೆ ಅವನಿಗೆ ಸಿಕ್ಕಿತು. ಆ ಹಡಗು ಹೋಗಿ 700ಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಸುಮಾರು 1,500 ಜನ ಸತ್ತರು. ಇವಾನ್ಸ್‌ನನ್ನು ಬೈಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ರಾತ್ರಿ ಎಚ್ಚರ ಇರಬೇಕೆಂದು ಅವನಿಗೆ ಯಾವ ಕಾನೂನೂ ಹೇಳಿರಲಿಲ್ಲ. ಒಬ್ಬನೇ ಮನುಷ್ಯ ಇಪ್ಪತ್ನಾಲ್ಕು ಗಂಟೆ ಕಿವಿಗೊಡುವುದು ಸಾಧ್ಯವೂ ಇರಲಿಲ್ಲ.

1914ರ ಮೊದಲ ಸೋಲಾಸ್ ಒಪ್ಪಂದ ಹುಟ್ಟಿದ್ದು ಇದರಿಂದ. ಅಲ್ಲಿಂದ ಇಲ್ಲಿಯವರೆಗೆ ಕಾನೂನಿನ ಜಗಳ ಒಂದೇ: ಹಡಗಿನಲ್ಲಿ ಯಾವಾಗಲೂ ಎಚ್ಚರವಿರುವ ಕಿವಿ ಯಾವುದು? ಮೊದಲು ಮನುಷ್ಯರ ಪಾಳಿ ಬಂದಿತು. ಒಬ್ಬನೇ ನಿರ್ವಾಹಕ ಇರುವ ಹಡಗಿಗೆ, ನಾಲ್ಕು ಸೆಕೆಂಡಿನ ಗೆರೆಗಳು ಸಾಲಾಗಿ ಕೇಳಿಸಿದರೆ ಗಂಟೆ ಬಾರಿಸುವ ಯಂತ್ರ ಬಂದಿತು. ನಮ್ಮ ಕಾಲದ ರೇಡಿಯೋ ಕೋಣೆಯ ಗಡಿಯಾರದಲ್ಲಿ ಗಂಟೆಗೆ ಎರಡು ಸಲ, 15 ಮತ್ತು 45ನೆಯ ನಿಮಿಷದಿಂದ ಮೂರು ಮೂರು ನಿಮಿಷ ಕೆಂಪು ಬಣ್ಣ ಬಳಿದಿರುತ್ತಿತ್ತು. ಆಗ 500 ಕಿಲೋಹರ್ಟ್ಜ್‌ನಲ್ಲಿ ಎಲ್ಲರೂ ಬಾಯಿ ಮುಚ್ಚಿ ಕಿವಿ ತೆರೆಯಬೇಕು. ಎಲ್ಲಾದರೂ ಒಂದು ಕ್ಷೀಣ ಕರೆ ಇದ್ದರೆ ಆ ಮೌನದಲ್ಲಿ ಕೇಳಲಿ ಎಂದು. ಈಗ ಆ ಕೆಲಸವನ್ನು ಡಿಎಸ್‌ಸಿ ಎಂಬ ಅಂಕಿ-ಕರೆಯ ಯಂತ್ರ ನಿದ್ದೆಯಿಲ್ಲದೆ ಮಾಡುತ್ತದೆ.

ಯಾವ ಹಡಗುಗಳಿಗೆ ಈ ನಿಯಮ?

ಅಂತರರಾಷ್ಟ್ರೀಯ ಯಾನ ಮಾಡುವ ಎಲ್ಲ ಪ್ರಯಾಣಿಕರ ಹಡಗುಗಳಿಗೆ, ಮತ್ತು ಒಟ್ಟು ಟನ್ನೇಜ್ 300 ಅಥವಾ ಅದಕ್ಕೂ ಹೆಚ್ಚಿನ ಸರಕು ಹಡಗುಗಳಿಗೆ. ಯುದ್ಧನೌಕೆ, ಮೀನುಗಾರಿಕೆ ದೋಣಿ, ವ್ಯಾಪಾರಕ್ಕಲ್ಲದ ವಿಹಾರ ನೌಕೆ, ಹಳೆಯ ಪದ್ಧತಿಯ ಮರದ ಹಡಗು ಇದರೊಳಗೆ ಬರುವುದಿಲ್ಲ. ಹಾಗೆಂದು ಅವಕ್ಕೆ ಕಾನೂನೇ ಇಲ್ಲ ಎಂದಲ್ಲ. ಆಯಾ ದೇಶದ ನಿಯಮಗಳು ಅನ್ವಯಿಸುತ್ತವೆ. ಟನ್ನೇಜ್ ಎಂಬುದು ಹಡಗಿನ ತೂಕವಲ್ಲ, ಒಳಗಿನ ಜಾಗದ ಅಳತೆ. ಹುಬ್ಬಳ್ಳಿಯ ಲಾರಿ ಮಾಲೀಕರು ಇದನ್ನು ಪ್ರತಿ ಸಲವೂ ತಪ್ಪು ತಿಳಿಯುತ್ತಾರೆ.

ಯಾವ ಉಪಕರಣ ಇರಬೇಕು ಎಂದು ನಿರ್ಧರಿಸುವುದು ಹೇಗೆ? ದೊಡ್ಡ ಹಡಗಿಗೆ ದೊಡ್ಡ ರೇಡಿಯೋವೇ?

ಅಲ್ಲ. ಮುಖ್ಯವಾದದ್ದು ಗಾತ್ರವಲ್ಲ, ಹಡಗು ಎಷ್ಟು ದೂರ ಹೋಗುತ್ತದೆ ಎಂಬುದು. ಅರಬೈಲ್ ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಹೋದಾಗ ನಾವು ಏನು ಮಾಡುತ್ತೇವೆ? ಸುಮ್ಮನೆ ಕೂರುತ್ತೇವೆ. ಹಡಗಿಗೆ ಆ ಸೌಕರ್ಯವಿಲ್ಲ. ಎಲ್ಲಿದ್ದರೂ ಎರಡು ಬೇರೆ ಬೇರೆ ದಾರಿಯಲ್ಲಿ ದಡಕ್ಕೆ ಆಪತ್ತಿನ ಸುದ್ದಿ ಮುಟ್ಟಬೇಕು. ಅದಕ್ಕಾಗಿ ಸಮುದ್ರವನ್ನು ನಾಲ್ಕು ವಲಯವಾಗಿ ಹಂಚಿದ್ದಾರೆ.

ಎ1 ಎಂದರೆ ವಿಎಚ್‌ಎಫ್ ಎಂಬ ಹತ್ತಿರದ ಮಾತಿನ ರೇಡಿಯೋದ ದಡದ ಕೇಂದ್ರದ ವ್ಯಾಪ್ತಿ, ಸುಮಾರು 20ರಿಂದ 30 ನಾಟಿಕಲ್ ಮೈಲಿ. ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ ಹುಬ್ಬಳ್ಳಿಯಿಂದ ಗದಗಿನಷ್ಟು. ವಿಎಚ್‌ಎಫ್ ತರಂಗ ನೇರವಾಗಿ ಹೋಗುತ್ತದೆ, ಭೂಮಿ ಬಾಗಿದ ಕಡೆ ಮುಗಿಯುತ್ತದೆ. ಎ2 ಎಂದರೆ ಮಧ್ಯಮ ತರಂಗದ ವ್ಯಾಪ್ತಿ, ಸುಮಾರು 100ರಿಂದ 150 ಮೈಲಿ. ಹುಬ್ಬಳ್ಳಿಯಿಂದ ಚಿತ್ರದುರ್ಗ, ಇಲ್ಲವೇ ಇನ್ನೂ ಸ್ವಲ್ಪ ಆಚೆ. ಎ3 ಎಂದರೆ ಮಾನ್ಯತೆ ಪಡೆದ ಉಪಗ್ರಹ ಸೇವೆ ಸಿಗುವ ಸಮುದ್ರ. ಉಳಿದದ್ದು ಎ4. ಬಹುಕಾಲ ಧ್ರುವಗಳನ್ನು ಮುಟ್ಟದ ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಸೇವೆ ಒಂದೇ ಇದ್ದುದರಿಂದ ಎ4 ಎಂದರೆ ಧ್ರುವಪ್ರದೇಶ ಎಂದೇ ರೂಢಿಯಾಗಿತ್ತು. ಈಗ ಧ್ರುವಗಳನ್ನೂ ಮುಟ್ಟುವ ಇರಿಡಿಯಂಗೂ ಮಾನ್ಯತೆ ಇದೆ. 2024ರ ಜನವರಿ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಹಡಗಿನಲ್ಲಿ ಯಾವ ಕಂಪನಿಯ ಉಪಕರಣ ಇದೆಯೋ ಅದರ ವ್ಯಾಪ್ತಿಗೆ ತಕ್ಕಂತೆ ಆ ಹಡಗಿನ ಎ3 ಬದಲಾಗುತ್ತದೆ.

ಮಧ್ಯಮ ತರಂಗದ ನಡವಳಿಕೆ ನಮ್ಮವರಿಗೆ ಹೊಸದಲ್ಲ. 1950ರಿಂದ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಊರುಗಳು ನಮ್ಮವು. 765 ಕಿಲೋಹರ್ಟ್ಜ್‌ನ ಆ ಕೇಂದ್ರ ಹಗಲಿನಲ್ಲಿ ಒಂದು ಮಿತಿಯವರೆಗೆ ಕೇಳುತ್ತದೆ. ಕತ್ತಲಾದ ಮೇಲೆ ಎಲ್ಲಿಂದೆಲ್ಲಿಂದಲೋ ಬೇರೆ ಕೇಂದ್ರಗಳು ನುಗ್ಗಿ ಬರುತ್ತವೆ. ಹಡಗಿನ ಆಪತ್ತಿನ ಮಾತಿನ ತರಂಗ 2182 ಕಿಲೋಹರ್ಟ್ಜ್, ಅದರ ಡಿಎಸ್‌ಸಿ 2187.5, ನಿಮ್ಮ ರೇಡಿಯೋದ ಮಧ್ಯಮ ತರಂಗ ಪಟ್ಟಿ ಮುಗಿದ ಕೂಡಲೇ ಬರುವ ನೆರೆಮನೆ ಅದು. ಹವಾಮಾನ ಮತ್ತು ಎಚ್ಚರಿಕೆಗಳನ್ನು ಕಾಗದದ ಮೇಲೋ ಪರದೆಯ ಮೇಲೋ ತಾನಾಗಿ ಮೂಡಿಸುವ ನ್ಯಾವ್‌ಟೆಕ್ಸ್ 518ರಲ್ಲಿದೆ, ಪಟ್ಟಿ ಶುರುವಾಗುವುದಕ್ಕೆ ಸ್ವಲ್ಪ ಈಚೆ. ಈ ಹೋಲಿಕೆ ಹೇಳಿದ ಮೇಲೆ ಧಾರವಾಡದ ಹುಡುಗರು ಈ ಅಂಕಿಗಳನ್ನು ಮರೆತದ್ದಿಲ್ಲ.

ವಲಯ ಯಾವುದೇ ಇರಲಿ, ಕೆಲವು ಸಾಮಾನುಗಳು ಎಲ್ಲ ಹಡಗಿಗೂ ಕಡ್ಡಾಯ. 70ನೆಯ ಚಾನೆಲ್‌ನಲ್ಲಿ ಡಿಎಸ್‌ಸಿ, 16ರಲ್ಲಿ ಮಾತು ಬರುವ ವಿಎಚ್‌ಎಫ್. ನ್ಯಾವ್‌ಟೆಕ್ಸ್ ಸೇವೆ ಇರುವ ಕಡೆ ಅದರ ಗ್ರಾಹಕ. ಇಪರ್ಬ್ ಎಂಬ ತೇಲುವ ಸಂಕೇತಯಂತ್ರ. ಜೀವರಕ್ಷಕ ದೋಣಿಗೆ ಒಯ್ಯುವ ಕೈ-ವಿಎಚ್‌ಎಫ್ ಮತ್ತು ರೇಡಾರಿನ ಪರದೆಯಲ್ಲಿ ಚುಕ್ಕೆ ಸಾಲು ಮೂಡಿಸುವ ಸಾರ್ಟ್. ಸರಕು ಹಡಗು 500 ಟನ್ನೇಜ್ ದಾಟಿದರೆ ಕೈ-ವಿಎಚ್‌ಎಫ್ ಮೂರು, ಸಾರ್ಟ್ ಎರಡು. 300ರಿಂದ 500ರ ನಡುವೆ ಇದ್ದರೆ ಎರಡು ಮತ್ತು ಒಂದು.

ಇಪರ್ಬ್ ಎಂದರೆ ಏನು? ಹಡಗು ಮುಳುಗಿದ ಮೇಲೂ ಕೆಲಸ ಮಾಡುತ್ತದೆಯೇ?

ಮುಳುಗಿದ ಮೇಲೆಯೇ ಅದರ ನಿಜವಾದ ಕೆಲಸ. ಹಡಗಿನ ಮೇಲ್ಭಾಗದಲ್ಲಿ ಒಂದು ಗೂಡಿನಲ್ಲಿ ಇಟ್ಟಿರುತ್ತಾರೆ. ನೀರಿನ ಒತ್ತಡ ಬಿದ್ದಾಗ, 4 ಮೀಟರ್ ಆಳ ತಲುಪುವುದರೊಳಗೆ, ಅದರ ಹಿಡಿಕೆ ತಾನಾಗಿ ಕತ್ತರಿಸಿಕೊಂಡು ಇಪರ್ಬ್ ಮೇಲಕ್ಕೆ ತೇಲುತ್ತದೆ. 406 ಮೆಗಾಹರ್ಟ್ಜ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ. ಕನಿಷ್ಠ 48 ಗಂಟೆ ಕೂಗುವಷ್ಟು ಬ್ಯಾಟರಿ ಇರಬೇಕು. ಆ ಹಿಡಿಕೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತಪಾಸಣೆಗೆ ಬಂದವರು ಮೊದಲು ನೋಡುವುದು ಅದರ ಮೇಲಿನ ದಿನಾಂಕವನ್ನೇ.

ಈ ಕೂಗನ್ನು ಕೇಳುವ ಕೋಸ್ಪಾಸ್-ಸಾರ್ಸ್ಯಾಟ್ ವ್ಯವಸ್ಥೆಯನ್ನು ಕೆನಡಾ, ಫ್ರಾನ್ಸ್, ಅಮೆರಿಕ ಮತ್ತು ಅಂದಿನ ಸೋವಿಯತ್ ಒಕ್ಕೂಟ ಸೇರಿ ಕಟ್ಟಿದವು, ಅದೂ ಶೀತಲ ಸಮರದ ನಡುವೆ. ಭಾರತದ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಸಮುದ್ರವೇ ಇಲ್ಲದ ಊರಿನವರು ಸಮುದ್ರದ ಬಗ್ಗೆ ಏನು ಬಲ್ಲಿರಿ ಎಂದು ಮಂಗಳೂರಿನ ಗೆಳೆಯರು ಕಿಚಾಯಿಸಿದಾಗ ನಾನು ಇದನ್ನೇ ಮುಂದಿಡುತ್ತೇನೆ.

ಇಪರ್ಬ್‌ನೊಳಗೆ ಹಡಗಿನ ಗುರುತು ಸಂಖ್ಯೆಯನ್ನು ತುಂಬಿರುತ್ತಾರೆ. ಎಂಎಂಎಸ್‌ಐ ಎಂಬ ಆ ಒಂಬತ್ತು ಅಂಕಿಯ ಸಂಖ್ಯೆ ಭಾರತದ ಹಡಗಿಗಾದರೆ 419ರಿಂದ ಶುರುವಾಗುತ್ತದೆ. ಹಡಗು ಮಾರಾಟವಾಗಿ ಬಾವುಟ ಬದಲಾದರೆ ಈ ಸಂಖ್ಯೆಯನ್ನೂ ಬದಲಿಸಿ ನೋಂದಾಯಿಸಬೇಕು. ಇಲ್ಲದಿದ್ದರೆ ಮುಳುಗುತ್ತಿರುವವರು ಒಬ್ಬರು, ಫೋನ್ ಹೋಗುವುದು ಇನ್ನೊಬ್ಬರಿಗೆ.

ಕರೆಂಟ್ ಹೋದರೆ? ಉಪಕರಣ ಕೆಟ್ಟರೆ?

ಕಾನೂನು ಎರಡನ್ನೂ ಊಹಿಸಿದೆ. ಹಡಗಿನ ಜನರೇಟರುಗಳು ಕೈಕೊಟ್ಟಾಗ ರೇಡಿಯೋಗೆಂದೇ ಪ್ರತ್ಯೇಕ ಬ್ಯಾಟರಿ ಇರಬೇಕು. ನಿಯಮಕ್ಕೆ ಒಪ್ಪುವ ತುರ್ತು ಜನರೇಟರ್ ಇದ್ದರೆ ಆ ಬ್ಯಾಟರಿ ರೇಡಿಯೋವನ್ನು 1 ಗಂಟೆ, ಇಲ್ಲದಿದ್ದರೆ 6 ಗಂಟೆ ನಡೆಸಬೇಕು. ಕೆಡುವುದಕ್ಕೆ ಮೂರು ಪರಿಹಾರಗಳಿವೆ: ಜೋಡಿ ಉಪಕರಣ, ದಡದ ದುರಸ್ತಿಗಾರರೊಂದಿಗೆ ಒಪ್ಪಂದ, ಅಥವಾ ಹಡಗಿನಲ್ಲಿಯೇ ದುರಸ್ತಿ ಬಲ್ಲವರು. ಎ1, ಎ2ರಲ್ಲಿ ಒಂದು ಸಾಕು. ಎ3, ಎ4ಕ್ಕೆ ಎರಡು ಬೇಕು. ಬಹುತೇಕ ಕಂಪನಿಗಳು ಮೊದಲ ಎರಡನ್ನು ಆರಿಸಿಕೊಂಡವು. ಹಾಗೆ ಮೂರನೆಯವನ, ಅಂದರೆ ನಮ್ಮ ಕುರ್ಚಿ, ಖಾಲಿಯಾಯಿತು.

ದಿನನಿತ್ಯ ಏನೇನು ಪರೀಕ್ಷಿಸಬೇಕು?

ಡಿಎಸ್‌ಸಿಯ ಒಳಪರೀಕ್ಷೆ ಮತ್ತು ಬ್ಯಾಟರಿಯ ವೋಲ್ಟೇಜ್ ದಿನಕ್ಕೊಮ್ಮೆ. ಡಿಎಸ್‌ಸಿಯಿಂದ ದಡದ ಕೇಂದ್ರಕ್ಕೆ ಪರೀಕ್ಷಾ ಕರೆ ವಾರಕ್ಕೊಮ್ಮೆ. ಇಪರ್ಬ್, ಸಾರ್ಟ್, ಕೈ-ವಿಎಚ್‌ಎಫ್ ತಿಂಗಳಿಗೊಮ್ಮೆ. ಎಲ್ಲವನ್ನೂ ರೇಡಿಯೋ ದಿನಚರಿಯಲ್ಲಿ ಬರೆಯಬೇಕು. ನೋಡದೆ ಬರೆಯುವುದು ಹಳೆಯ ರೋಗ. ಬಂದರಿನಲ್ಲಿ ತಪಾಸಣಾಧಿಕಾರಿ ದಿನಚರಿ ಮುಚ್ಚಿಟ್ಟು, “ಈಗ ನನ್ನೆದುರು ಮಾಡಿ ತೋರಿಸು” ಎಂದಾಗ ಬೆವರುವ ಅಧಿಕಾರಿಗಳನ್ನು ಕಂಡಿದ್ದೇನೆ. ದೋಷ ಗಂಭೀರವಾಗಿದ್ದರೆ ಹಡಗನ್ನು ಬಂದರಿನಲ್ಲಿಯೇ ತಡೆಯುವ ಅಧಿಕಾರ ಅವರಿಗಿದೆ. ಇದರ ಮೇಲೆ ಸರಕು ಹಡಗಿನ ರೇಡಿಯೋ ಸುರಕ್ಷತಾ ಪ್ರಮಾಣಪತ್ರಕ್ಕೆ ಪ್ರತಿ ವರ್ಷ ಸಮೀಕ್ಷೆ ಇದೆ.

ನನ್ನ ಬಳಿ ಹವ್ಯಾಸಿ ರೇಡಿಯೋ ಪರವಾನಗಿ ಇದೆ. ಹಡಗಿನಲ್ಲಿ ನಡೆಯುತ್ತದೆಯೇ?

ನಡೆಯುವುದಿಲ್ಲ. ಎರಡೂ ಪರೀಕ್ಷೆ ನಡೆಸುವುದು ಡಬ್ಲ್ಯೂಪಿಸಿಯೇ ಆದರೂ ಸೇವೆಗಳು ಬೇರೆ. ಹ್ಯಾಮ್ ಗೆಳೆಯರಿಗೆ ತರಂಗಗಳ ಸ್ವಭಾವ ಮೊದಲೇ ಗೊತ್ತಿರುವುದರಿಂದ ಜಿಒಸಿ ಸುಲಭವಾಗುತ್ತದೆ, ಅಷ್ಟೇ.

ಪ್ರಮಾಣಪತ್ರ ಇಲ್ಲದವನು ಆಪತ್ತಿನಲ್ಲಿ ಕೆಂಪು ಗುಂಡಿ ಒತ್ತಬಹುದೇ?

ಒತ್ತಬೇಕು. ಆಪತ್ತಿನಲ್ಲಿರುವವರು ಗಮನ ಸೆಳೆಯಲು ಕೈಗೆ ಸಿಕ್ಕ ಯಾವ ಸಾಧನವನ್ನಾದರೂ ಬಳಸಬಹುದು ಎಂದು ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕರೆ ಕಳಿಸುವ ಆದೇಶ ಕಪ್ತಾನನದು. ಹಡಗಿನ ರೇಡಿಯೋ ಕೇಂದ್ರ ಅವನ ಪರಮಾಧಿಕಾರಕ್ಕೆ ಒಳಪಟ್ಟಿದೆ. ಅಡುಗೆಯವನೂ ಗುಂಡಿ ಒತ್ತುವುದನ್ನು ಕಲಿತಿರಲಿ ಎಂದೇ ನನ್ನ ಅಭಿಪ್ರಾಯ.

ತಪ್ಪಿ ಒತ್ತಿದರೆ ಜೈಲೇ?

ತಪ್ಪಿ ಒತ್ತಿದ್ದನ್ನು ತಕ್ಷಣ ಒಪ್ಪಿಕೊಂಡರೆ ಸಾಮಾನ್ಯವಾಗಿ ಯಾರೂ ಶಿಕ್ಷಿಸುವುದಿಲ್ಲ. ಹೆದರಿ ಯಂತ್ರ ಆರಿಸಿ ಸುಮ್ಮನಾಗುವುದು ದೊಡ್ಡ ತಪ್ಪು, ಏಕೆಂದರೆ ನಿಮ್ಮನ್ನು ಹುಡುಕಲು ಅಷ್ಟರಲ್ಲಿ ಯಾರೋ ಹೊರಟಿರುತ್ತಾರೆ. ವಿಎಚ್‌ಎಫ್ ಆಗಿದ್ದರೆ 16ನೆಯ ಚಾನೆಲ್‌ಗೆ ಹೋಗಿ ಹಡಗಿನ ಹೆಸರು, ಕರೆಸಂಕೇತ, ಎಂಎಂಎಸ್‌ಐ ಹೇಳಿ ಕರೆ ರದ್ದು ಎಂದು ಘೋಷಿಸಬೇಕು. ಬೇಕೆಂದೇ ಸುಳ್ಳು ಕರೆ ಕಳಿಸುವುದು ಮಾತ್ರ ಅಪರಾಧ.

ಅಳಿಯ ಹಡಗಿನಿಂದ ರಜೆಗೆ ಬರುತ್ತಿದ್ದಾನೆ. ಸ್ಯಾಟಲೈಟ್ ಫೋನ್ ತರಬಹುದೇ?

ಬೇಡವೇ ಬೇಡ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಹಡಗಿನಲ್ಲಿ ಮಾನ್ಯವಾದದ್ದು ಹುಬ್ಬಳ್ಳಿಯ ಮನೆಯ ಕಪಾಟಿನಲ್ಲಿ ಮಾನ್ಯವಲ್ಲ.

ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದ್ದೇನೆ. ಹಡಗಿನಲ್ಲಿ ಈ ಆಸಕ್ತಿಗೆ ದಾರಿ ಇಲ್ಲವೇ?

ಇದೆ, ಬೇರೆ ಹೆಸರಿನಲ್ಲಿ. ಎಲೆಕ್ಟ್ರೋ-ಟೆಕ್ನಿಕಲ್ ಅಧಿಕಾರಿ, ಇಟಿಒ ಎನ್ನುತ್ತಾರೆ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬಂದ 2010ರ ಮನಿಲಾ ತಿದ್ದುಪಡಿಯಿಂದ ಈ ಹುದ್ದೆಗೆ ಅಂತರರಾಷ್ಟ್ರೀಯ ಮಾನದಂಡ ಬಂದಿತು. ರೇಡಿಯೋ, ರೇಡಾರ್, ಮೋಟರು, ಕ್ರೇನು ಎಲ್ಲವೂ ಅವನ ತಲೆಗೆ. ಡೆಕ್ ಕಡೆ ಹೋಗುವ ಆಸೆ ಇದ್ದರೆ ಪಿಯುಸಿ ವಿಜ್ಞಾನದ ನಂತರ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ನಾಟಿಕಲ್ ಸೈನ್ಸ್ ಸೇರಬೇಕು. ಜಿಒಸಿ ಆ ದಾರಿಯಲ್ಲಿ ತಾನಾಗಿ ಎದುರಾಗುತ್ತದೆ. ಕೆಲಸ ಕೊಡಿಸುವ ಏಜೆನ್ಸಿಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಕೇಳುವಂತಿಲ್ಲ. ಕೇಳಿದರೆ ಚೆನ್ನಮ್ಮ ವೃತ್ತದ ಬಸ್ಸು ಹಿಡಿದು ಮನೆಗೆ ಬನ್ನಿ.

ಮಗನ ಹಡಗಿನಿಂದ ಮೂರು ದಿನದಿಂದ ವಾಟ್ಸ್ಆ್ಯಪ್ ಇಲ್ಲ. ಏನಾಗಿರಬಹುದು?

ಗದಗ-ಬೆಟಗೇರಿಯ ಒಬ್ಬ ತಾಯಿ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಇದನ್ನು ಕೇಳಿದ್ದರು. “ಅಣ್ಣಾ, ಒಂದೇ ಗೆರೆ ಬರುತ್ತಿದೆ, ಎರಡನೆಯದು ಮೂಡುತ್ತಿಲ್ಲ” ಎಂದು ಅಳುತ್ತಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ನಾವಿಕರ ವೈಯಕ್ತಿಕ ಇಂಟರ್ನೆಟ್ ಬೇರೆ, ಸುರಕ್ಷತಾ ರೇಡಿಯೋ ಬೇರೆ. ಸಾಧ್ಯವಾದಷ್ಟು ಮಟ್ಟಿಗೆ ನಾವಿಕರಿಗೆ ಇಂಟರ್ನೆಟ್ ಒದಗಿಸಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ನಿಯಮ ಜಾರಿಗೆ ಬಂದದ್ದೇ 2024ರ ಡಿಸೆಂಬರ್‌ನಲ್ಲಿ. ಅದು ಕಡಿತವಾಗಲು ನೂರು ಸಣ್ಣ ಕಾರಣಗಳಿರುತ್ತವೆ. ಹಡಗಿನ ಸ್ಥಾನ ಮಾತ್ರ ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ಎಲ್‌ಆರ್‌ಐಟಿ ಎಂಬ ವ್ಯವಸ್ಥೆಯ ಮೂಲಕ ಅದರ ಬಾವುಟದ ದೇಶಕ್ಕೆ ತಾನಾಗಿ ತಲುಪುತ್ತಿರುತ್ತದೆ.

ಮೊದಲು ಕಂಪನಿಯ ಕಚೇರಿಗೆ ಫೋನ್ ಮಾಡಿ. ಅವರಿಗೆ ಹಡಗು ಎಲ್ಲಿದೆ ಎಂದು ಗೊತ್ತಿರುತ್ತದೆ. ಭಾರತದ ಸಮುದ್ರದಲ್ಲಿ ನಿಜವಾದ ಆಪತ್ತಿನ ಸುದ್ದಿ ಇದ್ದರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬಹುದು. ಮಗ ಹಡಗು ಹತ್ತುವ ಮೊದಲೇ ಹಡಗಿನ ಹೆಸರು, ಐಎಂಒ ಸಂಖ್ಯೆ ಎಂಬ ಅದರ ಕಾಯಂ ಗುರುತು ಸಂಖ್ಯೆ, ಕಂಪನಿಯ ಫೋನ್ ನಂಬರು ಇವಿಷ್ಟನ್ನು ಬರೆಸಿಕೊಳ್ಳಿ. ಬೆಟಗೇರಿಯ ಆ ತಾಯಿ ಈಗ ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಾರೆ. ಅಂದು ಹುಡುಗನ ಮೊಬೈಲ್ ಎಂಜಿನ್ ಕೋಣೆಯ ಎಣ್ಣೆ ಡಬ್ಬಿಗೆ ಬಿದ್ದಿತ್ತಂತೆ.